ಗುಡಿಗಿಷ್ಟು ದಾರಿಖರ್ಚು

ದೇವರು ಎಲ್ಲೆಲ್ಲೂ ಇದ್ದಾನೆ ಎನ್ನುವುದು ತಿಳಿದವರ ಮಾತು. ಆದರೆ ಆ ಮಾತನ್ನು ತೀರಾ ನಂಬಿದವನು ಮದುವೆಯ ಫೋಟೋ ತೆಗೆಯುವ ಕಸುಬಿಗೆ ಇಳಿಯಬಾರದು. ತಿರುವಲ್ಲಿಕ್ಕೇಣಿಯ ಬದರಿನಾಥ ನಂಬಿಯೂ ನಂಬಿದ್ದ, ಇಳಿದೂ ಇಳಿದಿದ್ದ.

ಪಾರ್ಥಸಾರಥಿ ಗುಡಿಯ ಹಿಂದಿನ ಬೀದಿಯಲ್ಲಿ ಅವನ ಸ್ಟುಡಿಯೋ. ಮದರಾಸಿನಲ್ಲಿ ನೆಲೆನಿಂತ ಕನ್ನಡದ ಮನೆಗಳಲ್ಲಿ ಮದುವೆ ಎಂದರೆ ಅವನಿಗೇ ಕರೆ. ಕೈಚಳಕದಲ್ಲಿ ಏನೂ ಕುಂದಿಲ್ಲ. ಕುಂಬಳಕಾಯಿ ಮುಖದ ಮದುಮಗನನ್ನೂ ಕೋಲುಮುಖದವನಂತೆ ತೋರಿಸುವ ಬೆಳಕಿನ ಗುಟ್ಟು ಬಲ್ಲವನು. ಕುಂದು ಇದ್ದದ್ದು ಸ್ಕೂಟರಿನಲ್ಲಿ. ಅದು ಗುಡಿ ಕಂಡಲ್ಲೆಲ್ಲ ನಿಲ್ಲುತ್ತಿತ್ತು. ಅಂದರೆ ಬದರಿ ನಿಲ್ಲಿಸುತ್ತಿದ್ದ. ನಿಲ್ಲಿಸಿ, ಚಪ್ಪಲಿ ಬಿಟ್ಟು, ಕ್ಯಾಮೆರಾ ಚೀಲವನ್ನು ಎಳೆಗೂಸಿನಂತೆ ಎದೆಗವಚಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಮರದ ಬುಡಕ್ಕೊಬ್ಬ ಪಿಳ್ಳೆಯಾರ್, ಅಂದರೆ ಗಣಪತಿ, ಕೂತಿರುವ ಊರು ಅದು. ಅಲ್ಲಿಂದ ಮಾಂಬಲಕ್ಕೆ ಹೋಗುವುದೂ ಅವನ ಪಾಲಿಗೆ ಕಾಶಿಯಾತ್ರೆ.

ಹಾಗೇ ಆಯಿತು ನಾಗಮಣಿ ಎಂಬ ಹುಡುಗಿಯ ಮದುವೆಯಲ್ಲಿ. ಬದರಿ ಮಾಂಬಲದ ಛತ್ರ ಮುಟ್ಟುವ ಹೊತ್ತಿಗೆ ತಾಳಿ ಕಟ್ಟಿ, ಅಕ್ಷತೆ ಗುಡಿಸಿ, ಎಲೆ ಹಾಕಿದ್ದರು. ಆ ಮದುವೆಯ ಆಲ್ಬಂ ಇವತ್ತಿಗೂ ಊಟದ ಪಂಕ್ತಿಯಿಂದಲೇ ಶುರುವಾಗುತ್ತದೆ. ಮೊದಲ ಚಿತ್ರದಲ್ಲೇ ಮದುಮಗ ಹೋಳಿಗೆ ಅಗಿಯುತ್ತಿದ್ದಾನೆ. ಅಂದಿನಿಂದ ಜನ ಅವನಿಗೆ ‘ತಾಳಿ ತಪ್ಪಿಸಿದ ಬದರಿ’ ಎಂದೇ ಹೆಸರಿಟ್ಟರು.

ಹೆಂಡತಿ ಕೌಸಲ್ಯಾ ಮಾತಿಗೆ ಬೆಲ್ಲ ಬೆರೆಸುವವಳಲ್ಲ. “ಇನ್ನೊಂದು ಸಲ ತಾಳಿ ತಪ್ಪಿತೋ, ಈ ಅಂಗಡಿಗೆ ಬೀಗ ಹಾಕಿ ನಮ್ಮಣ್ಣನ ಗೋಡೌನಿಗೆ ಹೋಗಿ. ಮೂಟೆ ಎಣಿಸೋದಕ್ಕೆ ಮುಹೂರ್ತ ಬೇಕಿಲ್ಲ” ಎಂದಳು. ಆಮೇಲೆ ಅವಳೇ ಒಂದು ಉಪಾಯ ಹೇಳಿದಳು. “ದೂರಕ್ಕೆ ತಕ್ಕ ಹಾಗೆ ರೇಟು ಇಟ್ಟುಬಿಡಿ. ದೂರದವರು ದುಡ್ಡು ಕೇಳಿ ಓಡಿಹೋಗ್ತಾರೆ. ಹತ್ತಿರದವರು ಉಳ್ಕೋತಾರೆ. ಪೆಟ್ರೋಲೂ ಉಳಿಯತ್ತೆ, ಮರ್ಯಾದೆಯೂ ಉಳಿಯತ್ತೆ.”

ಅದು ಪೆಟ್ರೋಲಿನ ಬೆಲೆ ಏರಿ ಜನ ಸ್ಕೂಟರನ್ನು ತಳ್ಳಿಕೊಂಡೇ ಅಭ್ಯಾಸ ಮಾಡಿಕೊಳ್ಳುತ್ತಿದ್ದ ಕಾಲ, ಎಂಬತ್ತೊಂದೋ ಎಂಬತ್ತೆರಡೋ ಇಸವಿ. ಬದರಿ ಕೂತು ಯೋಚಿಸಿದ. ಮೈಲಿಯ ಲೆಕ್ಕ ಇಟ್ಟರೆ ತಾನು ದಾರಿಯಲ್ಲಿ ನಿಂತದ್ದರ ಲೆಕ್ಕ ಸಿಗುವುದಿಲ್ಲ. ಪೆಟ್ರೋಲು ಸುಡುವುದು ನಿಲ್ಲಿಸಿ ಹೊರಡುವಾಗಲೇ. ಪ್ರಾಮಾಣಿಕ ಮನುಷ್ಯ. ಆದ್ದರಿಂದ ಗುಡಿಗಿಷ್ಟು ಎಂದು ಗೊತ್ತುಮಾಡಿದ. ಸ್ಟುಡಿಯೋದಿಂದ ಮದುವೆ ಮನೆಗೆ ಎಷ್ಟು ಗುಡಿಯೋ ಅಷ್ಟು ದಾರಿಖರ್ಚು. “ಮೈಲಿಗಲ್ಲು ಸರ್ಕಾರ ನೆಟ್ಟದ್ದು, ಸುಳ್ಳು ಹೇಳಬಹುದು. ಗುಡಿ ಹೇಳತ್ತಾ?” ಎಂದ. ಕೌಸಲ್ಯಾ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಈ ಹೊಸ ಲೆಕ್ಕಕ್ಕೆ ಮೊದಲು ಸಿಕ್ಕವರು ಬ್ಯಾಂಕಿನ ಕಮಲಾಕರರಾಯರು. ಮಗಳು ಉಷಾಳ ಮದುವೆ, ತಿರುವೊಟ್ಟಿಯೂರಿನ ಒಂದು ಛತ್ರದಲ್ಲಿ. ಅಷ್ಟು ದೂರ ಯಾಕೆಂದರೆ ಅಲ್ಲಿ ಬಾಡಿಗೆ ಅಗ್ಗ. ಬಾಡಿಗೆ ಅಗ್ಗ ಯಾಕೆಂದರೆ ಮಣಲಿಯ ಎಣ್ಣೆ ಕಾರ್ಖಾನೆಗಳ ಕಡೆಯಿಂದ ಗಾಳಿ ತಿರುಗಿದರೆ ಹೋಮದ ಹೊಗೆಯೇ ಮೂಗು ಮುಚ್ಚಿಕೊಳ್ಳಬೇಕು.

“ಗುಡಿಗಿಷ್ಟಾ?” ರಾಯರು ಕನ್ನಡಕ ಒರೆಸಿದರು. “ಎನ್ನಪ್ಪಾ ಬದರಿ ಇದು! ನಾವು ವೈಷ್ಣವರು. ದಾರೀಲಿ ಸಿಗೋ ಪಿಳ್ಳೆಯಾರಿಗೆಲ್ಲ ನಾನ್ಯಾಕೆ ದುಡ್ಡು ಕೊಡಲಿ?”

“ನೀವು ಕೊಡೋದು ಪಿಳ್ಳೆಯಾರಿಗಲ್ಲ ರಾಯರೇ, ನನಗೆ. ಅವನಿಗೆ ಕೈ ಮುಗೀದೆ ಹೋದರೆ ಫ್ಲ್ಯಾಷ್ ಹೊತ್ತಲ್ಲ.”

“ಸರಿ. ನಮ್ಮಲ್ಲಿ ತಾರತಮ್ಯ ಅಂತ ಒಂದಿದೆ, ಗೊತ್ತು ತಾನೆ? ಎಲ್ಲ ದೇವರೂ ಒಂದೇ ಮೆಟ್ಟಲಲ್ಲಿ ನಿಂತಿಲ್ಲ. ವಿಷ್ಣುವಿಗೆ ಪೂರ್ತಿ ರೇಟು. ರುದ್ರದೇವರಿಗೆ ಅರ್ಧ. ಗಣಪತಿಗೆ ಕಾಲು.”

“ಹನುಮಂತ?”

“ಮುಖ್ಯಪ್ರಾಣ ನಮ್ಮವನು. ಮನೆಯವನ ಹತ್ತಿರ ಯಾರಾದರೂ ಚಾರ್ಜ್ ಮಾಡ್ತಾರಾ? ಫ್ರೀ.”

ಬ್ಯಾಂಕಿನಲ್ಲಿ ಕೂತವರಿಗೆ ದೇವರ ಮೇಲೂ ಬಡ್ಡಿದರ ತಿಳಿದಿರುತ್ತದೆ. ಇಬ್ಬರೂ ಆ ಸಂಜೆಯೆಲ್ಲ ದಾರಿಯ ದೇವರುಗಳನ್ನು ಒಬ್ಬೊಬ್ಬರಾಗಿ ತೂಗಿದರು. ಕೊನೆಗೂ ಲೆಕ್ಕ ರಾಯರ ಮನಸ್ಸಿಗೆ ಒಪ್ಪಲಿಲ್ಲ. ಆಗ ಅವರ ತಲೆಯಲ್ಲಿ ದೀಪ ಹತ್ತಿತು. ಅವರ ತಾಯಿ ಅಂಬುಜಮ್ಮ, ಛತ್ರದ ಉಪ್ಪು ನೀರಿನಲ್ಲಿ ತನ್ನ ಮಡಿ ನಡೆಯದೆಂದು ಹಿಂದಿನ ದಿನ ಅಲ್ಲಿಗೆ ಹೋಗಲು ಒಪ್ಪಿರಲಿಲ್ಲ. ಮದುವೆಯ ಬೆಳಗ್ಗೆಯೇ ಅವರನ್ನು ಟ್ಯಾಕ್ಸಿಯಲ್ಲಿ ಕರೆಸಬೇಕಿತ್ತು.

“ನೀನು ನಮ್ಮ ಅಮ್ಮನ ಜೊತೆ ಟ್ಯಾಕ್ಸೀಲೇ ಬಂದುಬಿಡು. ಸ್ಕೂಟರೂ ಇಲ್ಲ, ಗುಡಿಯೂ ಇಲ್ಲ, ದಾರಿಖರ್ಚೂ ಇಲ್ಲ. ಆದರೆ ಒಂದು ಮಾತು, ಬದರಿ.” ರಾಯರ ದನಿ ಗಟ್ಟಿಯಾಯಿತು. “ತಾಳಿ ತಪ್ಪಿದರೆ ಮದರಾಸಿನಲ್ಲಿ ಒಬ್ಬ ಕನ್ನಡದವನೂ ನಿನ್ನನ್ನ ಕರೆಯೋ ಹಾಗಿಲ್ಲ. ನಾನು ನೋಡ್ಕೋತೀನಿ.”

ಅವರು ನೋಡಿಕೊಳ್ಳುವವರೇ. ಸಂಘದಲ್ಲಿ, ಮಠದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಎಲ್ಲ ಕಡೆ ಅವರ ಬಾಯಿ ಇತ್ತು. ಬದರಿ ಬೆವರಿದ. ಆದರೂ ಒಳಗೊಳಗೇ ನಿಶ್ಚಿಂತೆ. ತನ್ನ ಕಾಲೇ ತನಗೆ ಶತ್ರು. ಬೇರೆಯವರ ಗಾಡಿಯಲ್ಲಿ ಆ ಕಾಲಿಗೆ ಕೆಲಸವಿಲ್ಲವಲ್ಲ.

ಪಾಪ, ಅಂಬುಜಮ್ಮನ ಕಾಲಿನ ವಿಚಾರ ಅವನಿಗೆ ತಿಳಿದಿರಲಿಲ್ಲ.

ಮದುವೆಯ ಬೆಳಗ್ಗೆ ಟ್ಯಾಕ್ಸಿ ಬೀದಿಯ ತುದಿ ಮುಟ್ಟುವ ಮೊದಲೇ ಅಜ್ಜಿ ಡ್ರೈವರನ ಬೆನ್ನು ತಟ್ಟಿದರು. “ಕೊಂಚ ನಿಲ್ಲಿಸಪ್ಪಾ. ಪಿಳ್ಳೆಯಾರ್.” ಬದರಿಯಾದರೆ ನಿಂತು ಕೈ ಮುಗಿದು ಬರುವವನು. ಅಜ್ಜಿ ಹಾಗಲ್ಲ. ಇಳಿದರು, ಸುತ್ತಿದರು, ಹಣೆಗೆ ಕುಟ್ಟಿಕೊಂಡರು, ಅರ್ಚಕನ ಸೊಸೆಗೆ ಎಷ್ಟು ತಿಂಗಳೆಂದು ವಿಚಾರಿಸಿದರು. ಪೂಕಡೆ ಬಜಾರಿನ ಹತ್ತಿರ ಚೆನ್ನಕೇಶವ. ತಂಬುಚೆಟ್ಟಿ ಬೀದಿಯಲ್ಲಿ ಕಾಳಮ್ಮ. ರಾಯಪುರದಲ್ಲಿ ಅಂಗಾಳಮ್ಮ. ಅಲ್ಲೇ ಒಂದು ಚರ್ಚು ಕಂಡಿತು. ಅಜ್ಜಿ ಅದಕ್ಕೂ ಇಳಿದು ಕೈ ಮುಗಿದರು.

“ಅಜ್ಜೀ, ಅದು ಮಾದಾಕೋವಿಲ್!”

“ಯಾರ ಮನೆಯಾದರೇನೋ, ದೀಪ ಹಚ್ಚಿದ್ದಾರೆ. ನೋಡಿಯೂ ನೋಡದ ಹಾಗೆ ಹೋಗೋದಾ?”

ನಿಂತಾಗಲೂ ಟ್ಯಾಕ್ಸಿಯ ಮೀಟರು ಓಡುತ್ತಿತ್ತು. ತಾರತಮ್ಯವಿಲ್ಲದ ಮೀಟರು. ವಿಷ್ಣುವಿಗೂ ಅಷ್ಟೇ, ಪಿಳ್ಳೆಯಾರಿಗೂ ಅಷ್ಟೇ, ಮೇರಿಯಮ್ಮನಿಗೂ ಅಷ್ಟೇ. ಆದರೆ ಬದರಿಗೆ ಕಾಣುತ್ತಿದ್ದುದು ಮೀಟರಲ್ಲ, ಮೇಲೇರುತ್ತಿದ್ದ ಬಿಸಿಲು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಕಣ್ಣು ಮುಚ್ಚಿ, ದೇವರೇ, ಮುಂದಿನ ತಿರುವಿನಲ್ಲಿ ನೀನು ಇರಬೇಡ ಎಂದು ದೇವರನ್ನೇ ಬೇಡಿಕೊಂಡ. ತಂಡಿಯಾರುಪೇಟೆ ದಾಟುವಾಗ ಎದುರಿಗೆ ಎಣ್ಣೆ ಲಾರಿಗಳ ಸಾಲು. ಡ್ರೈವರನೂ ತಾಳ್ಮೆ ಕಳೆದುಕೊಂಡ. “ಇನ್ನೊರು ಕೋವಿಲ್ ಪಾತ್ತಾ ವಂಡಿಯೆ ವಿಟ್ಟುಟ್ಟೇ ಪೋಯಿಡುವೇನ್ ಸಾರ್” ಎಂದ. ಇನ್ನೊಂದು ಗುಡಿ ಕಂಡರೆ ಗಾಡಿ ಬಿಟ್ಟೇ ಹೋಗುತ್ತಾನಂತೆ.

ಕಾಲಡಿಪೇಟೆ ಬಂತು. ಅಲ್ಲಿ ಇನ್ನೊಂದು ಗುಡಿ ಇತ್ತು.

“ಕಲ್ಯಾಣ ವರದರಾಜ!” ಅಜ್ಜಿ ಆಗಲೇ ಬಾಗಿಲು ತೆಗೆದಿದ್ದರು. “ಮದುವೆ ಮಾಡಿಸೋ ದೇವರೇ ಇವನು. ಇವನನ್ನ ಮಾತಾಡಿಸದೆ ಮದುವೆಗೆ ಹೋಗೋದು ಅಂದ್ರೆ ಅಡಿಗೆಯವನನ್ನ ಕೇಳದೆ ಎಲೆ ಮುಂದೆ ಕೂತ ಹಾಗೆ.”

“ಅಜ್ಜಿ, ಮುಹೂರ್ತ...”

“ಒಂದು ನಿಮಿಷ ಕಣೋ.”

ಒಳಗೆ ಅಲಂಕಾರ ನಡೆದಿತ್ತು. ಪರದೆ ಎಳೆದಿತ್ತು. ಅಜ್ಜಿ ಪರದೆಯ ಮುಂದೆ ಕಾಲು ಮಡಚಿ ಕೂತದ್ದು ಬೀದಿಗೇ ಕಾಣುತ್ತಿತ್ತು. ಪರದೆ ತೆಗೆಯುವ ತನಕ ಅವರು ಏಳುವವರಲ್ಲ. ಪರದೆಯ ಒಳಗಿನವನಿಗೆ ಅವಸರವಿಲ್ಲ. ಬದರಿಯ ಒಂದು ಕಾಲು ಟ್ಯಾಕ್ಸಿಯೊಳಗೆ, ಒಂದು ಕಾಲು ನೆಲದ ಮೇಲೆ. ನೆಲದ ಕಾಲು ಚಪ್ಪಲಿ ಕಳಚಿಯಾಗಿತ್ತು, ಅಭ್ಯಾಸಬಲ. ಆಗ ಬೀದಿಯ ಆಚೆ ಕಡೆಯಿಂದ ನಾದಸ್ವರ ತೇಲಿಬಂತು. ಅದು ಯಾರ ಮದುವೆಯದೋ ಏನೋ, ಬದರಿಯ ಕಿವಿಗೆ ಗೋಡೌನಿನ ಬಾಗಿಲು ಕಿರುಗುಟ್ಟಿದ ಹಾಗೆ ಕೇಳಿಸಿತು. ಅವನು ಗರ್ಭಗುಡಿಯ ಕಡೆ ನೋಡಲಿಲ್ಲ. ಕಾಲನ್ನು ಒಳಗೆಳೆದುಕೊಂಡ.

“ಪೋಂಗೊ” ಎಂದ. ಡ್ರೈವರ್ ಬಿಟ್ಟ ಬಾಣವಾದ.

ಛತ್ರದಲ್ಲಿ ಅಂತರಪಟ ಆಗಲೇ ಸರಿದಿತ್ತು. ಪುರೋಹಿತರು ತಾಳಿಯನ್ನು ತಟ್ಟೆಯಲ್ಲಿಟ್ಟು ಎಲ್ಲರಿಂದ ಮುಟ್ಟಿಸುತ್ತಿದ್ದರು. ಬದರಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮಂಟಪಕ್ಕೆ ನುಗ್ಗಿದ.

“ಬಂದೆಯಾ! ಅಮ್ಮ ಎಲ್ಲಿ?” ಎಂದರು ಕಮಲಾಕರರಾಯರು.

“ಹಿಂದೆ ಇದ್ದಾರೆ.” ಸುಳ್ಳಲ್ಲ. ಹಿಂದೆಯೇ ಇದ್ದರು.

ಉಷಾ ತಲೆ ಬಗ್ಗಿಸಿಕೊಂಡೇ “ಪಾಟಿ ಎಂಗೆ?” ಎಂದು ಕೇಳಿದಳು. ಅಜ್ಜಿಯನ್ನು ಅವಳು ತಮಿಳಿನಲ್ಲೇ ಹುಡುಕುವವಳು. ಅಷ್ಟರಲ್ಲಿ ಓಲಗ ಮೊರೆಯಿತು. ಮದುಮಗನ ಕೈ ಮುಂದಾಯಿತು. ಫ್ಲ್ಯಾಷ್ ಹೊತ್ತಿತು. ಎಂಥ ಚಿತ್ರ! ಹುಡುಗಿಯ ಕಣ್ಣಂಚಿನ ನೀರೂ, ಹುಡುಗನ ಬೆರಳಲ್ಲಿ ಬೀಳುತ್ತಿದ್ದ ಗಂಟೂ ಒಂದೇ ಚೌಕಟ್ಟಿನಲ್ಲಿ. ಬದರಿಗೆ ಎದೆ ತುಂಬಿ ಬಂತು.

ಎದೆ ತುಂಬಿದ ಕೂಡಲೇ ಅಜ್ಜಿ ನೆನಪಾದರು. ರಾಯರು ಕತ್ತು ಉದ್ದ ಮಾಡಿ ಬಾಗಿಲ ಕಡೆ ನೋಡುತ್ತಿದ್ದರು. ತಾಳಿ ತಪ್ಪಿಸಿದವನನ್ನು ಜನ ನಕ್ಕು ಬಿಟ್ಟಾರು. ಮದುಮಗಳ ಅಜ್ಜಿಯನ್ನು ಬೀದಿಯಲ್ಲಿ ಬಿಟ್ಟು ಬಂದವನನ್ನು ಬಿಡುವರೇ? ಬದರಿ ರೀಲು ಬದಲಿಸುವ ನೆಪದಲ್ಲಿ ಹೊರಗೆ ಜಾರಿ ಟ್ಯಾಕ್ಸಿ ಹತ್ತಿದ.

ಅಂಬುಜಮ್ಮ ಗುಡಿಯ ಜಗಲಿಯ ಮೇಲೆ ತುಳಸಿ ಹಿಡಿದು ಕೂತಿದ್ದರು. ಪಕ್ಕದಲ್ಲಿ ಅವನ ಒಂಟಿ ಚಪ್ಪಲಿ.

“ತಾಳಿ ಆಯ್ತಾ?”

“ಆಯ್ತಜ್ಜಿ.” ಬದರಿ ಜಗಲಿಯ ಮುಂದೆ ಕೈ ಕಟ್ಟಿ ನಿಂತ. “ನನ್ನಿಂದ ನೀವು ನೋಡೋದು...”

“ಫೋಟೋ ಬಂತಾ? ತೋರಿಸು.”

“ಈಗ ಆಗಲ್ಲಜ್ಜಿ. ತೊಳೀಬೇಕು, ಒಣಗಿಸಬೇಕು. ಮುಂದಿನ ವಾರ.”

“ಮುಂದಿನ ವಾರ ಕಾಣೋದಕ್ಕೆ ಈ ಓಟವೇನೋ?” ಅಜ್ಜಿ ಬೊಚ್ಚುಬಾಯಲ್ಲಿ ನಕ್ಕರು. “ಅಲ್ಲಿದ್ದರೂ ನನಗೇನು ಕಾಣ್ತಿತ್ತು? ಇಷ್ಟು ಮದುವೆ ಕಂಡಿದೀನಿ, ತಾಳಿ ಹೊತ್ತಿಗೆ ಸರಿಯಾಗಿ ಫೋಟೋದವನ ಬೆನ್ನು ಅಡ್ಡ. ನನ್ನನ್ನ ಬಿಟ್ಟು ಹೋದದ್ದಕ್ಕೆ ಕೋಪ ಇಲ್ಲ. ಇವನನ್ನ ಬಿಟ್ಟು ಹೋದ್ಯಲ್ಲ, ಮುಖ ಕೂಡ ನೋಡದೆ! ಹೋಗು, ಸುತ್ತು ಬಾ.”

ಬದರಿ ಹೋದ. ಪರದೆ ತೆಗೆದಿತ್ತು. ಸ್ವಾಮೀ, ಮೊದಲನೇ ಸಲ ನಿನ್ನನ್ನು ದಾಟಿ ಹೋದೆ ಎಂದು ಒಪ್ಪಿಕೊಂಡು ಕಣ್ಣೆತ್ತಿ ನೋಡಿದರೆ, ಪೆರುಮಾಳು ಯಾವಾಗಿನಂತೆ ನಗುತ್ತಲೇ ಇದ್ದ. ಇಷ್ಟು ವರ್ಷ ನಾನು ಬಾಗಿಲು ಬಾಗಿಲಲ್ಲಿ ನಿಂತದ್ದನ್ನೂ ಇವನು ಲೆಕ್ಕಕ್ಕೆ ಹಿಡಿದಿಲ್ಲವೋ ಏನೋ ಎಂದು ಬದರಿಗೆ ಒಂದು ಕ್ಷಣ ಮುನಿಸೇ ಬಂತು. ಆ ಮುನಿಸಿನ ಹಿಂದೆಯೇ, ಯಾಕೋ ತಿಳಿಯದೆ, ಹೆಗಲ ಮೇಲಿನ ಚೀಲ ಹಗುರಾದಂತಾಯಿತು.

ಹೊರಗೆ ಬಂದು ಅಜ್ಜಿಗೆ ಕೈ ಕೊಟ್ಟು ಎಬ್ಬಿಸಿದ. “ಅಜ್ಜಿ, ರಾಯರು ಕೇಳಿದರೆ ಏನು ಹೇಳಲಿ? ನನ್ನ ಅನ್ನ ಅವರ ಬಾಯಲ್ಲಿದೆ.”

“ನೀನು ಬಾಯಿ ಬಿಡಬೇಡ. ನಾನೇ ಅವನನ್ನ ಮುಂದೆ ಕಳಿಸಿದೆ, ನನಗೆ ಪೂಜೆ ಇತ್ತು ಅಂತ ಹೇಳ್ತೀನಿ.”

“ಸುಳ್ಳಾಗಲ್ವಾ ಅಜ್ಜಿ? ನೀವು ಇಷ್ಟು ದೈವಭಕ್ತರು...”

“ಅಯ್ಯೋ ಮಂಕೇ, ಇಲ್ಲಿ ಹೇಳ್ತೀನಾ?” ಅಂಬುಜಮ್ಮ ಟ್ಯಾಕ್ಸಿಯಲ್ಲಿ ಸರಿಯಾಗಿ ಕೂತು ಸೆರಗು ಹೊದ್ದುಕೊಂಡರು. “ಇಲ್ಲಿ ದೇವರಿದ್ದಾನೆ. ಛತ್ರದಲ್ಲಿ ಬರೀ ಬೀಗರು. ಅಲ್ಲಿ ಹೇಳ್ತೀನಿ. ನಡಿ, ಎರಡನೇ ಪಂಕ್ತಿಗಾದರೂ ಸಿಗೋಣ.”