ಅಫಜಲಪುರ ವಿಭಾಗ

ಹೆಣದ ಹಣೆಗೆ ವಿಭೂತಿ ಹಚ್ಚಲು ಶಿವಕಾಂತಾ ಮೂರು ಬೆರಳು ಎತ್ತಿದ್ದಳು. ಅಷ್ಟರಲ್ಲಿ ವಕೀಲ ಬಸವಂತರಾಯರು ಹಿಂದಿನಿಂದ ಬಂದು ಅವಳ ಕಿವಿಯ ಹತ್ತಿರ ಬಾಗಿದರು.

"ಖಾಸೀಂಬಿ ಬಂದಾಳ."

"ಬರ್ಲಿ ಬಿಡ್ರಿ ವಕೀಲರ. ಮಣ್ಣಿಗೆ ಬರಬ್ಯಾಡಂತ ಹೇಳಾಕ ಬರ್ತದೇನು?"

"ಅಕಿ ಒಬ್ಬಾಕಿನೇ ಆಗಿದ್ರ ನಾನೂ ಬರ್ಲಿ ಅಂತಿದ್ದೆ. ತಹಸೀಲ್ದಾರರೂ ಬರಾಕತ್ತಾರಂತ."

ಶಿವಕಾಂತಾಳ ಬೆರಳು ಗಾಳಿಯಲ್ಲೇ ನಿಂತವು.

ಶಾಂತಲಿಂಗಪ್ಪ ಪೇಶಕಾರರು ಗೋಡೆಗೆ ಆನಿಕೊಂಡು ಕೂತಿದ್ದರು. ಲಿಂಗವಂತರ ಹೆಣ ಮಲಗುವುದಿಲ್ಲ, ಕೂರುತ್ತದೆ. ತಹಸೀಲ ಕಚೇರಿಯಲ್ಲಿ ಕಡತ ಬರೆಯುತ್ತ ಕೂತೇ ಆಯುಷ್ಯ ಕಳೆದವರಿಗೆ ಅದೇನೂ ಹೊಸದಾಗಿರಲಿಲ್ಲ. ತಲೆಗೆ ರುಮಾಲು, ಕೊರಳಲ್ಲಿ ಹೂವಿನ ಹಾರ, ಮುಖದ ಮೇಲೆ 'ಮುಂದಿನವರು ಬರ್ರಿ' ಎನ್ನುವಂಥ ಒಂದು ಬೇಸರ. ಶಿವಕಾಂತಾ ಅವಸರದಲ್ಲಿ ವಿಭೂತಿ ಎಳೆದು ವಕೀಲರ ಜೊತೆ ಹೊರಗಿನ ಕಟ್ಟೆಗೆ ಬಂದಳು. ಅಲ್ಲಿ ಮೆಡಿಕಲ್ ಅಂಗಡಿಯ ನಿಜಾಮುದ್ದೀನ ಗಡ್ಡ ನೀವಿಕೊಳ್ಳುತ್ತ ನಿಂತಿದ್ದ.

"ಅಕಿ ಅವರ ಮುಂದ ಖಾತೆದ ಮಾತು ತಗದ್ರ ಹ್ಯಾಂಗ ನಿಜಾಮಣ್ಣ?"

"ತಗದ್ರ ಅಂತ ಯಾಕಂತಿ? ತಗದೇ ತಗೀತಾಳ. ನಿನ್ನೆ ನನ್ನ ಅಂಗಡಿ ಮುಂದ ನಿಂತು ಸಾರ್ಯಾಳ. 'ದೊಡ್ಡ ಸಾಹೇಬ ಬರ್ಲಿ, ನನ್ನ ಕಣ್ಣಿನ ಚಾಳೀಸು ಯಾಕ ತಡಾ ಆತು ಅಂತ ಕೇಳೇ ಕೇಳ್ತೇನಿ' ಅಂತ."

ತಹಸೀಲ್ದಾರರು ಮೈಸೂರು ಕಡೆಯವರು, ಊರಿಗೆ ಹೊಸಬರು. ಕಚೇರಿಯ ಹಳೇ ನೌಕರ ತೀರಿಕೊಂಡರೆ ಹೋಗಿ ಹಾರ ಹಾಕಬೇಕೆಂದು ಯಾರೋ ಅವರಿಗೆ ಹೇಳಿಕೊಟ್ಟಿದ್ದರು. ಸೌಜನ್ಯ ಒಳ್ಳೆಯದೇ. ಆದರೆ ಖಾಸೀಂಬಿ ಕೇಳಬೇಕೆಂದಿದ್ದ ಖಾತೆ ಸರ್ಕಾರದ ಯಾವ ಕಪಾಟಿನಲ್ಲೂ ಇರಲಿಲ್ಲ. ಅದು ಇದ್ದದ್ದು ಈ ಕಟ್ಟೆಯ ಮೇಲೆ ನಿಂತ ಮೂವರ ತಲೆಯಲ್ಲಿ, ಮತ್ತು ಒಳಗೆ ಕೂತವರ ತಲೆಯಲ್ಲಿ.

"ಕೇಳಿದ್ರ ಒಂದೇ ಮಾತು," ಎಂದರು ಬಸವಂತರಾಯರು. "ಎಲ್ಲಾ ಪೇಶಕಾರರು ಮಾಡಿದ್ದು, ನಮಗೂ ಸರ್ಕಾರದ್ದು ಅಂತನೇ ಹೇಳಿದ್ರು. ಸತ್ತವರಿಗೆ ನೋಟೀಸು ಹೋಗಂಗಿಲ್ಲ."

"ಅವರ ಹೆಂಡ್ತಿ ಸುಮಿತ್ರಾಬಾಯಿಗೆ ಬರೋ ಪೆನ್ಶನ್ನಿಗೆ ಹೋಗ್ತದಲ್ಲರಿ," ಎಂದಳು ಶಿವಕಾಂತಾ.

ವಕೀಲರು ಕನ್ನಡಕ ತೆಗೆದು ಒರೆಸಿದರು. "ನೀ ಸರ್ಕಾರಿ ನರ್ಸು. ಸರ್ಕಾರದ ಹೆಸರಲೆ ಸುಳ್ಳ ಖಾತೆ ನಡಿಸಿದಿ ಅಂದ್ರ ನೌಕರಿ ಉಳೀತದೇನು? ನಿನ್ನ ಪಗಾರದ ಮ್ಯಾಲ ಮನ್ಯಾಗ ಎಷ್ಟು ಬಾಯಿ ಅವ, ನೋಡ್ಕೋ. ಮತ್ತ, ಹಂಗ ಹೇಳ್ರಿ ಅಂತ ಅವರೇ ಹೇಳ್ಯಾರಲ್ಲ."

ಹೇಳಿದ್ದು ನಿಜ. ಅದೇ ಶಿವಕಾಂತಾಳನ್ನು ಬೆಳಗಿನಿಂದ ಕೊರೆಯುತ್ತಿತ್ತು.

*

ಅದು ಸುರುವಾದದ್ದು ಒಂದು ಔಷಧದ ಬಾಟಲಿಯಿಂದ. ಹಲವು ಬೇಸಿಗೆಗಳ ಹಿಂದೆ, ಸಂಜೆ ನಿಜಾಮುದ್ದೀನನ ಅಂಗಡಿಯ ಬೆಂಚಿನ ಮೇಲೆ ನಾಲ್ವರೂ ಕೂತಿದ್ದಾಗ, ಆ ಬಾಟಲಿ ರಸ್ತೆಯಿಂದ ಹಾರಿ ಬಂದು ಮೆಟ್ಟಿಲ ಮೇಲೆ ಒಡೆಯಿತು. ಹಿಂದೆಯೇ ಖಾಸೀಂಬಿ ಬಂದಳು. ಕರಜಗಿ, ಸೊನ್ನ ಎಂದು ಊರೂರು ತಲೆಯ ಮೇಲೆ ಬಳೆಬುಟ್ಟಿ ಹೊತ್ತು ಬದುಕಿದ ಹೆಂಗಸು. ಈಗ ಬುಟ್ಟಿ ಹೊರಲಾಗದಿದ್ದರೂ ಕತ್ತು ಮಾತ್ರ ಹಾಗೇ ನೆಟ್ಟಗಿತ್ತು.

"ಲೇ ನಿಜಾಮ್ಯಾ! ರೊಕ್ಕ ಬ್ಯಾಡ ಅಂತ ಹೇಳಿ ಔಷಧ ಕಳಿಸ್ತೀ? ಖೈರಾತ್ ತಿನ್ನಾಕ ನಾ ದರ್ಗಾದ ಬಾಗಿಲಾಗ ಕುಂತೇನೇನ್ ಲೇ? ನಿಮ್ಮವ್ವನ ಲಗ್ನಕ್ಕ ಬಳಿ ಇಟ್ಟಾಕಿ ನಾ!"

ಅವಳೊಬ್ಬಳೇ ಅಲ್ಲ. ಗೌಂಡಿ ಅಂಬಾರಾಯನ ಕಾಲಲ್ಲಿ ಹುಣ್ಣು ಕೀವಾಗಿತ್ತು, ಆದರೆ ಶಿವಕಾಂತಾ ಬಂದಳೆಂದರೆ ಅವನು ಹಿತ್ತಲ ಬಾಗಿಲಿನಿಂದ ಮಾಯ. ಮಕ್ಕಳ ಜೊತೆ ಜಗಳಾಡಿ ಬೇರೆ ಕೂತ ಮುದುಕರಿಗೆ ಬಸವಂತರಾಯರು ಫೀಸಿಲ್ಲದೆ ಅರ್ಜಿ ಬರೆದುಕೊಡುತ್ತೇನೆಂದರೆ, ಈ ವಕೀಲನ ಕಣ್ಣು ನಮ್ಮ ಹೊಲದ ಮೇಲಿದೆ ಎಂದು ಅವರು ಜಾಗ ಬದಲಿಸುತ್ತಿದ್ದರು.

ಅಲ್ಲಿಯವರೆಗೆ ಸುಮ್ಮನಿದ್ದ ಪೇಶಕಾರರು ಒಡೆದ ಗಾಜನ್ನು ಚಪ್ಪಲಿಯಿಂದ ಬದಿಗೆ ಸರಿಸಿದರು.

"ಇವರಿಗೆ ಔಷಧ ಬ್ಯಾಡಾಗಿಲ್ಲ. ಕೊಡವರು ಬ್ಯಾಡಾಗ್ಯಾರ. ಕೊಡವರನ್ನ ತಗದು ಬಿಡ್ರಿ."

"ತಗದು?"

"ಸರ್ಕಾರ ಅನ್ರಿ. ಸರ್ಕಾರ ಅಂದ್ರ ಯಾರೂ ಅಲ್ಲಲ್ಲ. ಅದರ ಕಡಿಂದ ತಗೊಳ್ಳಾಕ ಯಾರಿಗೂ ನಾಚಿಕಿ ಇಲ್ಲ."

ಹಿಂದೆ ನಿವೃತ್ತರಾದಾಗ ಕಳಚಿಟ್ಟಿದ್ದ ಕರಿಯ ಕೋಟನ್ನು ಮತ್ತೆ ತೊಟ್ಟು ಮರುದಿನ ಅವರು ಖಾಸೀಂಬಿಯ ಬಾಗಿಲಲ್ಲಿ ನಿಂತರು. ವಯೋವೃದ್ಧ ಕಲ್ಯಾಣ ಖಾತೆ, ಅಫಜಲಪುರ ವಿಭಾಗ, ಎಂದರು. ಬೇರೆ ವಿಭಾಗ ಎಲ್ಲಿಯೂ ಇರಲಿಲ್ಲ, ಆದರೆ ವಿಭಾಗ ಎಂದ ಮೇಲೆ ಯಾರೂ ಹೆಚ್ಚು ಕೇಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಸರಿಯಾಗಿ ಮೂಡಿಲ್ಲ, ನಾಳೆ ಬಾ ಎಂದು ಹೊರಟುಬಿಟ್ಟರು. ಮರುದಿನ ಖಾಸೀಂಬಿ ಊರು ಒಂದಾಗುವಂತೆ ಜಗಳಾಡಿ ಗುಳಿಗೆ ವಸೂಲು ಮಾಡಿಕೊಂಡು ಹೋದಳು. ಆ ದಿನದಿಂದ ಒಂದು ಗುಳಿಗೆಯನ್ನೂ ಬಿಟ್ಟವಳಲ್ಲ.

*

ಹೆಣ ಕೂರಿಸಿದ ವಿಮಾನ ಹೆಗಲ ಮೇಲೆ ಎದ್ದಿತು. ಭಜನೆಯವರು ಮುಂದೆ, ಪೇಶಕಾರರು ಬಾಳೆಕಂಬದ ನಡುವೆ ಕೂತು ಅತ್ತಿತ್ತ ಓಲಾಡುತ್ತ ಹಿಂದೆ. ಖಾಸೀಂಬಿ ಹೆಂಗಸರ ಗುಂಪು ಬಿಟ್ಟು ಮುಂದೆ ಮುಂದೆ ಸರಿಯುತ್ತಿದ್ದಳು. ನಿಜಾಮುದ್ದೀನ ಒಂದು ಟಾಂಗಾ ತರಿಸಿ ಅವಳ ಪಕ್ಕ ನಿಲ್ಲಿಸಿದ.

"ಖಾಲಾ, ಬಿಸಲಾಗ್ಯದ. ಹತ್ರಿ, ಮನಿಗೆ ಬಿಡ್ತೇನಿ."

"ಯಾಕ? ನಾ ಸತ್ತೇನೇನು, ಹೊತ್ಕೊಂಡು ಹೋಗಾಕ?"

"ಹಂಗಲ್ಲ, ನಿಮಗ ದಮ್ಮು ಹತ್ತತದ."

"ದಮ್ಮು ನನಗ ಹತ್ತತದೋ ನಿನಗ ಹತ್ಯದೋ? ಬೆಳಗಿಂದ ಮೂವರೂ ಗುಜುಗುಜು ಮಾಡಾಕತ್ತೀರಿ. ಮುಖ ನೋಡಿದ್ರ ಬಳಿ ಕದ್ದವರಂಗ ಅದ." ಅವಳು ಟಾಂಗಾದ ಕುದುರೆಯನ್ನು ಮೇಲಿಂದ ಕೆಳಗೆ ನೋಡಿದಳು. "ಇದು ಖಾತೆದ ಟಾಂಗಾ ಏನು?"

ನಿಜಾಮುದ್ದೀನ ಹೌದೆಂದರೆ ತಪ್ಪು, ಅಲ್ಲವೆಂದರೂ ತಪ್ಪು. ಕೆಮ್ಮಿದ.

"ಅಲ್ಲಂದ್ರ ಒಯ್ಯಿ ಅತ್ಲಾಗ," ಎಂದು ಅವಳು ಮುಂದೆ ನಡೆದಳು. ಅವಳ ಹಿಂದೆ ಅಂಬಾರಾಯ ಪಟ್ಟಿ ಕಟ್ಟಿದ ಕಾಲು ಎಳೆಯುತ್ತ, ಅವನ ಹಿಂದೆ ಇನ್ನಷ್ಟು ಬಗ್ಗಿದ ಬೆನ್ನುಗಳು. ಶಿವಕಾಂತಾ ತಿರುಗಿ ನೋಡಿದಳು. ಅಷ್ಟೂ ಅವಳು ವಾರವಾರ ಮುಟ್ಟಿದ ಮೈಗಳು. ಸರ್ಕಾರವಿಲ್ಲ ಎಂದು ಈಗ ಗೊತ್ತಾದರೆ ನಾಳೆಯಿಂದ ಒಬ್ಬರೂ ಬಾಗಿಲು ತೆರೆಯುವುದಿಲ್ಲ. ದೂರದಲ್ಲಿ ಜೀಪಿನ ಸದ್ದು ಕೇಳಿಸಿತು.

*

"ನಗಬ್ಯಾಡ ತಂಗಿ," ಎಂದು ಪೇಶಕಾರರು ಶಿವಕಾಂತಾಳಿಗೆ ಖಾತೆಯ ಮೊದಲ ವಾರವೇ ಹೇಳಿಕೊಟ್ಟಿದ್ದರು. "ನೀ ನಕ್ಕು ನಕ್ಕು ಸೂಜಿ ಚುಚ್ಚಿದ್ರ ಸರ್ಕಾರ ಅಂತ ಯಾರು ನಂಬ್ತಾರ? ಸ್ವಲ್ಪ ಗದರಬೇಕು. 'ಹೋದ ವಾರ ಯಾಕ ಬರಲಿಲ್ಲ' ಅನಬೇಕು. ಆವಾಗ ಅವರಿಗೆ ಧೈರ್ಯ ಬರ್ತದ."

ಅವಳು ಗದರುವುದನ್ನು ಕಲಿತಳು. ನಿಜಾಮುದ್ದೀನ ಔಷಧ ಶಾಖೆಯಾದ. ಬಸವಂತರಾಯರು ಕಾನೂನು ಶಾಖೆಯಾದರು, ಮತ್ತು ಕೋರ್ಟಿನಲ್ಲಿ ಎಂದೂ ಸಿಗದ ಮರ್ಯಾದೆ ಅವರಿಗೆ ಈ ಶಾಖೆಯಲ್ಲಿ ಸಿಕ್ಕಿತು. ಪೇಶಕಾರರು ಮಾತ್ರ ಕೋಟು ತೊಟ್ಟು ಮನೆಮನೆ ತಿರುಗಿ ಮಂಜೂರು ಮಾಡುತ್ತಿದ್ದರು. ನೌಕರಿಯುದ್ದಕ್ಕೂ ಆ ಶಬ್ದವನ್ನು ಅವರು ದುಂಡಗೆ ಬರೆದಿದ್ದರು. ಕೆಳಗಿನ ಸಹಿ ಯಾವಾಗಲೂ ಬೇರೆಯವರದು. ಯಾರಿಗೂ ಏನನ್ನೂ ಕೊಡುವ ಅಧಿಕಾರವಿಲ್ಲದೆ ನಿವೃತ್ತರಾದ ಮನುಷ್ಯ ಈಗ ಚಾಳೀಸು ಮಂಜೂರು, ಕಂಬಳಿ ಮಂಜೂರು ಎಂದು ಹೇಳಿ ಮನೆಗೆ ಬಂದರೆ, ಸುಮಿತ್ರಾಬಾಯಿ ಹೇಳುವಂತೆ, ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಮೂವರನ್ನೂ ಕರೆಸಿದರು.

"ನಾಳೆ ಯಾರರ ಕೇಳಿದ್ರ ಎಲ್ಲಾ ನನ್ನ ತಲಿ ಮ್ಯಾಲ ಹಾಕ್ರಿ. ಪೇಶಕಾರ ನಮಗೂ ಮೋಸ ಮಾಡ್ಯಾನ ಅನ್ರಿ."

ಶಿವಕಾಂತಾ ಅಳತೊಡಗಿದಳು. ಅವರು ಸಿಟ್ಟಾದರು. "ಏಯ್, ಖಾತೆದವರು ಅಳಬಾರದು."

*

ಕುಣಿಯನ್ನು ಜಾಲಿಮರದ ಪಕ್ಕ ತೋಡಿದ್ದರು. ಪೇಶಕಾರರನ್ನು ಒಳಗಿಳಿಸಿ ಬದಿಗೆ ಕೊರೆದ ಗವಿಯಲ್ಲಿ ಕೂರಿಸಿದರು. ತಹಸೀಲ್ದಾರರು ಹಾರ ಕೊಟ್ಟರು, ಕೈ ಮುಗಿದರು, ಗಡಿಯಾರ ನೋಡಿಕೊಂಡರು. ವಯಸ್ಸು ಚಿಕ್ಕದು, ಕಣ್ಣು ಚುರುಕು. ಇನ್ನೇನು ತಿರುಗಬೇಕು, ದಾರಿಗೆ ಅಡ್ಡಲಾಗಿ ಖಾಸೀಂಬಿ ನಿಂತಿದ್ದಳು.

"ಸಾಬ್, ಖಾತೆದ ಸಾಹೇಬ್ರು ಹೋದ್ರು. ಮುಂದಿನ ಸಾಹೇಬ್ರು ಯಾರು?"

"ಯಾವ ಖಾತೆಯಮ್ಮ?"

"ಮುದುಕರ ಖಾತೆ. ನಿಮ್ಮದೇ." ಅವಳು ಸುತ್ತಲಿನವರನ್ನು ನೋಡಿದಳು. "ನಿಮ್ಮ ಖಾತೆ ನಿಮಗೇ ಗೊತ್ತಿಲ್ಲಂದ್ರ ಹ್ಯಾಂಗ್ರಿ?"

"ಬಾಯಿ, ಈಗ ಆ ಮಾತ್ಯಾಕ..." ಎಂದು ವಕೀಲರು ನಡುವೆ ಬಂದರು.

"ನೀವು ಸುಮ್ಮನಿರ್ರಿ, ಕಾನೂನು ಶಾಖೆದವರು. ಇದು ಚಾಳೀಸಿನ ಮಾತು."

ಅಂಬಾರಾಯ ಮುಂದೆ ಬಂದು ಕಾಲು ತೋರಿಸಿದ. "ಹೌದ್ರಿ ಸಾಹೇಬ್ರ. ವಾರಕ್ಕೊಮ್ಮಿ ಪಟ್ಟಿ ಕಟ್ಟತಾರ. ಸರ್ಕಾರದ್ದು ಅಂತ ಕಟ್ಟಿಸ್ಕೋತೇನಿ. ಇಲ್ಲಂದ್ರ ನಾ ಹಂಗ ಯಾರ ಕೈಲೂ ಪುಕ್ಕಟೆ ಮಾಡಿಸ್ಕೊಳ್ಳವಲ್ಲ."

ತಹಸೀಲ್ದಾರರು ಪಟ್ಟಿ ನೋಡಿದರು, ಕರಿಗಡ್ಡದ ನಿಜಾಮುದ್ದೀನನನ್ನು ನೋಡಿದರು, ಬೆವರುತ್ತಿದ್ದ ವಕೀಲರನ್ನು ನೋಡಿದರು. ಆಮೇಲೆ ಅವರ ಕಣ್ಣು ಶಿವಕಾಂತಾಳ ಬಿಳಿ ನರ್ಸ್ ಸೀರೆಯ ಮೇಲೆ ನಿಂತಿತು.

"ನೀವು ಸರ್ಕಾರಿ ಆಸ್ಪತ್ರೆಯವರಲ್ಲವಾ? ಇಂಥ ಯೋಜನೆ ನನಗೆ ಗೊತ್ತಿರೋ ಹಾಗೆ ಎಲ್ಲೂ ಇಲ್ಲ. ಇದು ಯಾರ ಆದೇಶ?"

ಭಜನೆ ನಿಂತಿತು. ಶಂಖ ಬಾಯಿಗಿಟ್ಟಿದ್ದ ಅಯ್ಯನವರು ಊದದೆ ಹಾಗೇ ಹಿಡಿದುಕೊಂಡರು. ಸಾಕ್ಷಿಗೆ ಸೂಚನೆ ಕೊಡುವಾಗ ಕೆಮ್ಮುವಂತೆ ಬಸವಂತರಾಯರು ಕೆಮ್ಮಿದರು.

ಮಾತು ಶಿವಕಾಂತಾಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಪೇಶಕಾರರು ನಮಗೂ ಹಾಗೇ ಹೇಳಿದ್ದರು ಸರ್. ಅಷ್ಟು ಅಂದರೆ ಸಾಕು, ಮನೆಯಲ್ಲಿ ಒಲೆ ಉರಿಯುತ್ತದೆ. ಸುಮಿತ್ರಾಬಾಯಿ ಅವಳತ್ತ ನೋಡಲಿಲ್ಲ. ಕುಣಿಯೊಳಗೆ ಗಂಡನ ರುಮಾಲು ಓರೆಯಾದದ್ದನ್ನೇ ನೋಡುತ್ತಿದ್ದರು. ಅಂಬಾರಾಯ ಚಾಚಿದ ಕಾಲನ್ನು ಇನ್ನೂ ಹಿಂದಕ್ಕೆಳೆದಿರಲಿಲ್ಲ. ಸುಳ್ಳೆಂದು ತಿಳಿದರೆ ಅವನು ಪಟ್ಟಿಯನ್ನು ಇಲ್ಲಿಯೇ, ಎಲ್ಲರ ಮುಂದೆ, ಹರಿದು ಬಿಸಾಡುವವನು.

"ನಂದು ಸರ್," ಎಂದಳು.

"ಏನು?"

"ಆದೇಶ ನಂದು. ಒಳಗ ಕೂತವರು ಚಾರ್ಜ್ ನನಗ ಕೊಟ್ಟಾರ. ಏನಿದ್ರೂ ನನ್ನ ಕೇಳ್ರಿ." ದನಿ ಗದರಿದಂತೆಯೇ ಬಂತು. ಅದನ್ನು ಕೇಳಿ ಮುದುಕರಿಗೆ ಸಮಾಧಾನವಾದದ್ದು ಕಂಡಿತು.

ತಹಸೀಲ್ದಾರರು ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದರು. "ನೀವು ಏನು ಹೇಳ್ತಿದ್ದೀರಿ, ಅದರ ಅರ್ಥ ಗೊತ್ತಾ?"

"ಗೊತ್ತದ ಸರ್."

ಅವರು ಅವಳ ಮುಖ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿತ್ತೋ ಬೇರೇನಿತ್ತೋ ವಕೀಲರಿಗೂ ಓದಲಾಗಲಿಲ್ಲ.

"ಸೋಮವಾರ ಕಚೇರಿಗೆ ಬನ್ನಿ," ಎಂದು ಹೇಳಿ ಜೀಪು ಹತ್ತಿದರು.

ಶಂಖ ಮೊಳಗಿತು. ಬಸವಂತರಾಯರು ಹಣೆಯ ಬೆವರು ಒರೆಸಿಕೊಂಡು, "ಹುಚ್ಚಿ," ಎಂದರು. "ನೌಕರಿ ಹೋತು ಅಂತ ತಿಳ್ಕೋ."

"ಸೋಮವಾರ ನೀವೂ ಬರಬೇಕ್ರಿ."

"ನಾ ಯಾಕ?" ಎಂದವರು ಆಮೇಲೆ ತಾವೇ ಉಸಿರು ಬಿಟ್ಟರು. "ಬರ್ತೇನಿ. ಬರದೆ ಎಲ್ಲಿ ಹೋಗ್ಲಿ."

ಜನ ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು. ಸುಮಿತ್ರಾಬಾಯಿ ಹಾಕಿದ ಮೇಲೆ ಶಿವಕಾಂತಾ ಬೊಗಸೆ ತುಂಬ ಮಣ್ಣು ತೆಗೆದುಕೊಂಡು ಕುಣಿಯ ಅಂಚಿಗೆ ಬಂದಳು. ಬೆಳಗಿನಿಂದ ತಡೆದಿದ್ದ ಅಳು ಇನ್ನೇನು ಬರುವುದರಲ್ಲಿತ್ತು. ಆಗ ಅವಳ ಮತ್ತು ಕುಣಿಯ ನಡುವೆ ಒಂದು ಒಣಗಿದ ತೋಳು ಬಂದು ನಿಂತಿತು. ಕುಪ್ಪಸದ ತೋಳು ಮೊಳಕೈಯ ತನಕ ಏರಿತ್ತು.

"ನೋಡು ಬೇ," ಎಂದಳು ಖಾಸೀಂಬಿ. "ನಿನ್ನೆಯಿಂದ ಎದಿ ಡಬಡಬ ಅನ್ನಾಕತ್ಯದ."

ಅವಳ ಹಿಂದೆ ಅಂಬಾರಾಯ ನಿಂತಿದ್ದ. ಅವನ ಹಿಂದೆ, ಜಾಲಿಮರದ ತೆಳು ನೆರಳು ಎಷ್ಟು ದೂರ ಬಿದ್ದಿತ್ತೋ ಅಷ್ಟು ದೂರ, ಉಳಿದವರು ಒಬ್ಬರ ಹಿಂದೆ ಒಬ್ಬರು ಕೋಲೂರಿ ಸಾಲು ಹಚ್ಚಿದ್ದರು. ಶಿವಕಾಂತಾ ಮಣ್ಣನ್ನೆಲ್ಲ ಎಡಗೈಗೆ ಬಳಿದುಕೊಂಡು, ಬಲಗೈಯ ಬೆರಳನ್ನು ಬಳೆಗಾರ್ತಿಯ ಬಳೆಯಿಲ್ಲದ ಮಣಿಕಟ್ಟಿನ ಮೇಲೆ ಇಟ್ಟಳು. ನಾಡಿ ಸಿಕ್ಕಿತು. ಎಣಿಸಲು ಎಡಗೈಯ ಗಡಿಯಾರವನ್ನು ತನ್ನತ್ತ ತಿರುಗಿಸಿದಳು. ಮುಷ್ಟಿ ಕೆಳಗಾಗಿ, ಬೆರಳ ಸಂದಿಯಿಂದ ಮಣ್ಣು ಸ್ವಲ್ಪ ಸ್ವಲ್ಪವೇ ಕುಣಿಯೊಳಗೆ ಸುರಿಯತೊಡಗಿತು.