ಅಂಗೈ ಮೇಲಿನ ಹನಿ

ರೈಲು ದೊಡ್ಡ ಊರಿನ ನಿಲ್ದಾಣಕ್ಕೆ ಬಂದು ನಿಂತಾಗ ದೊಡ್ಡಕ್ಕನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಪಕ್ಕದಲ್ಲಿದ್ದ ಓರಗಿತ್ತಿ ಮಾತ್ರ ಶಾಲೆಯ ಪ್ರವಾಸಕ್ಕೆ ಹೊರಟ ಹುಡುಗಿಯ ಹಾಗೆ ಆಗಲೇ ಎರಡೂ ಚೀಲಗಳನ್ನು ಹೆಗಲಿಗೇರಿಸಿದ್ದಳು.

"ಇಳೀರಿ ಅಕ್ಕಾ. ಎರಡು ದಿನ ನಾವು ಯಾರಿಗೂ ಬೇಯಿಸೋ ಹಾಗಿಲ್ಲ. ಬೇರೆಯವರು ಮಾಡಿದ್ದನ್ನ ತಿನ್ನೋದೇ ಕೆಲಸ. ಇಂಥಾ ಭಾಗ್ಯ ಯಾರಿಗುಂಟು?"

"ತಿನ್ನೋದೂ ಒಂದು ಕೆಲಸಾನೇ ಕಣೇ ಹುಡುಗಿ," ಎಂದಳು ದೊಡ್ಡಕ್ಕ. ಈ 'ಹುಡುಗಿ'ಗೆ ನಲವತ್ತೊಂಬತ್ತು ದಾಟಿತ್ತು. ಮದುವೆಯಾಗಿ ಮನೆಗೆ ಬಂದ ದಿನ ಕರೆದದ್ದು ಹಾಗೆಯೇ ಉಳಿದುಬಿಟ್ಟಿತ್ತು.

ಅಣ್ಣತಮ್ಮಂದಿರನ್ನು ಕಟ್ಟಿಕೊಂಡ ಈ ಇಬ್ಬರೂ ಇಪ್ಪತ್ತೆರಡು ವರ್ಷಗಳಿಂದ ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರು. ದಿನಕ್ಕೆ ನಾನೂರು ಜನರ ಊಟ. ಅಲ್ಲೊಂದು ಪದ್ಧತಿ ಇತ್ತು. ಯಾವ ಪಾತ್ರೆಯೂ ಅಡುಗೆಮನೆಯ ಬಾಗಿಲು ದಾಟುವ ಮುಂಚೆ ದೊಡ್ಡಕ್ಕ ಸೌಟಿನಿಂದ ಒಂದು ಹನಿಯನ್ನು ಎಡ ಅಂಗೈಗೆ ಬಿಟ್ಟುಕೊಂಡು ನೆಕ್ಕಿ "ಬಡಿಸಿ" ಅನ್ನಬೇಕು. ಆ ಮಾತು ಬೀಳುವವರೆಗೆ ಮ್ಯಾನೇಜರೇ ಬಂದು ನಿಂತರೂ ಒಂದು ಸೌಟು ಹೊರಗೆ ಹೋಗುವುದಿಲ್ಲ. ಬಾಗಿಲ ಹೊರಗೆ ಸಾಲು ನಿಂತವರು ಆ ಮಾತು ಕಿವಿಗೆ ಬಿದ್ದ ಮೇಲೇ ತಟ್ಟೆ ಎತ್ತಿಕೊಳ್ಳುತ್ತಿದ್ದರು.

ಮೂರು ತಿಂಗಳ ಹಿಂದೆ ದೊಡ್ಡಕ್ಕನಿಗೆ ಜ್ವರ ಬಂತು. ವಾರಕ್ಕೆ ಬಿಟ್ಟಿತು. ಬಿಟ್ಟು ಹೋಗುವಾಗ ಅವಳ ನಾಲಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಯಾರಿಗೂ ತಿಳಿಯದಂತೆ ಪಕ್ಕದ ಊರಿನ ಡಾಕ್ಟರಿಗೆ ತೋರಿಸಿದಳು. "ಬರಬಹುದು, ಬರದೇನೂ ಇರಬಹುದು," ಎಂದು ಅವರು ಬಿಸಿನೀರು ಕುಡಿಯಲು ಹೇಳಿದರು. ಅಂದಿನಿಂದ ಅವಳು ದಿನವೂ ಅಂಗೈಗೆ ಹನಿ ಬಿಟ್ಟುಕೊಂಡು, ಏನೂ ತಿಳಿಯದ ನಾಲಗೆಯಿಂದ ನೆಕ್ಕಿ, "ಬಡಿಸಿ" ಎನ್ನುತ್ತಿದ್ದಳು. ಹಳೆಯ ಅಡುಗೆಗಳೆಲ್ಲ ಕೈಗೆ ಬಾಯಿಪಾಠ. ಉಪ್ಪಿನ ಹಿಡಿ, ಖಾರದ ಚಮಚ ತಪ್ಪುತ್ತಿರಲಿಲ್ಲ ಎಂದೇ ಅವಳ ನಂಬಿಕೆ. ಯಾರೂ ದೂರು ಹೇಳಿರಲಿಲ್ಲವಲ್ಲ.

ಆದರೆ ಈಗ ಮ್ಯಾನೇಜರಿಗೆ ಹೊಸ ಹುರುಪು ಬಂದಿತ್ತು. "ಇಪ್ಪತ್ತು ವರ್ಷದಿಂದ ಅದೇ ಊಟ. ಇಬ್ಬರೂ ಹೋಗಿ ದೊಡ್ಡ ಊರಲ್ಲಿ ತಿಂದು, ನೋಡಿ, ಒಂದು ಹೊಸ ಅಡುಗೆ ಕಲಿತು ಬನ್ನಿ. ಸೋಮವಾರ ಮಧ್ಯಾಹ್ನ ನಾನೇ ಬಂದು ಊಟಕ್ಕೆ ಕೂತ್ಕೋತೀನಿ," ಎಂದಿದ್ದರು. ಹಳೆಯದನ್ನು ಕೈ ಮಾಡೀತು. ಹೊಸದನ್ನು ನಾಲಗೆಯೇ ಕಲಿಯಬೇಕು. ಸೋಮವಾರ ಬಣ್ಣ ಬಯಲಾದರೆ ಸೌಟು ಕೆಳಗಿಟ್ಟು ಮನೆಗೆ ನಡೆಯಬೇಕು. ಅಡುಗೆ ಬಿಟ್ಟು ತನಗೆ ಬೇರೇನು ಬರುತ್ತದೆ?

ಶನಿವಾರ ಮಧ್ಯಾಹ್ನ ಅವರು ಸೇರಿಕೊಂಡ, ಊರು ಸುತ್ತಿಸಿ ತಿಂಡಿ ತೋರಿಸುವ ನಡಿಗೆಯ ಗುಂಪಿನಲ್ಲಿ ಏಳು ಜನರಿದ್ದರು. ಮುಂದೆ ಹಳದಿ ಕೊಡೆ ಹಿಡಿದ ಗೈಡ್ ಹುಡುಗಿ. ದೊಡ್ಡಕ್ಕನ ಮಂಡಿ ನೋವು ಗಮನಿಸಿದ ಆ ಹುಡುಗಿ ಏನೂ ಹೇಳದೆ, ಪ್ರತಿ ತಿರುವಿನಲ್ಲೂ ಒಂದು ಕಥೆ ತೆಗೆದು ಎಲ್ಲರನ್ನೂ ನಿಲ್ಲಿಸುತ್ತಿದ್ದಳು. ಕಥೆ ಮುಗಿಯುವ ಹೊತ್ತಿಗೆ ದೊಡ್ಡಕ್ಕ ಬಂದು ಸೇರಿರುತ್ತಿದ್ದಳು. ಅದು ಅವಳಿಗೆ ಅರ್ಥವಾಗಿ, ಮನಸ್ಸಿನಲ್ಲೇ 'ಹೆತ್ತವಳ ಹೊಟ್ಟೆ ತಣ್ಣಗಿರಲಿ' ಎಂದುಕೊಂಡಳು.

ಮೊದಲು ವಸ್ತುಸಂಗ್ರಹಾಲಯ. ಮಹಡಿಯ ಒಂದು ಕೋಣೆಯ ತುಂಬ ಹಳೆಯ ಅಡುಗೆ ಸಾಮಾನು. ಗಾಜಿನೊಳಗಿದ್ದ ಮರದ ಸೌಟೊಂದರ ಅಂಚು ಬಲಗಡೆ ಮಾತ್ರ ಸವೆದುಹೋಗಿತ್ತು.

"ಇದನ್ನ ಹಿಡೀತಿದ್ದವರು ಎಡಗೈಯವರು," ಎಂದಳು ದೊಡ್ಡಕ್ಕ.

ಗೈಡ್ ಹುಡುಗಿ ಬೆರಗಾದಳು. "ಐದು ವರ್ಷದಿಂದ ತೋರಿಸ್ತಿದೀನಿ, ನನಗೇ ಗೊತ್ತಿರಲಿಲ್ಲ ಅಮ್ಮಾ!"

"ನಮ್ಮಕ್ಕ ಅಂದ್ರೆ ಏನಂದ್ಕೊಂಡ್ರಿ?" ಎಂದು ಓರಗಿತ್ತಿ ಎಲ್ಲರೆದುರು ಎದೆಯುಬ್ಬಿಸಿದಳು. "ಹಬೆ ನೋಡಿ ಅನ್ನ ಬೆಂದಿದ್ಯೋ ಇಲ್ವೋ ಹೇಳ್ತಾರೆ. ನಾನೂರು ಜನಕ್ಕೆ ಅವರ ನಾಲಗೇನೇ ಕೋರ್ಟು."

ದೊಡ್ಡಕ್ಕ ಗಾಜಿನ ಕಡೆಗೇ ಮುಖ ತಿರುಗಿಸಿದಳು. ಇನ್ನು ಗುಂಪಿನವರೆಲ್ಲ ತನ್ನ ಬಾಯನ್ನೇ ನೋಡುತ್ತಾರೆ.

ಸಂಜೆ ತಿಂಡಿಬೀದಿಯಲ್ಲಿ ಸುತ್ತಿದರು. ಕೆಂಡದ ಮೇಲೆ ಸುಟ್ಟ ಮೀನು, ಒಳಗೆ ತರಕಾರಿ ತುಂಬಿದ ರೊಟ್ಟಿ, ಹಾಲು ಬತ್ತಿಸಿ ಮಾಡಿದ ಸಿಹಿ. ದೊಡ್ಡಕ್ಕನ ಬಾಯಿಗೆ ಎಲ್ಲವೂ ಒಂದೇ. ಬಿಸಿ ಅಥವಾ ತಣ್ಣಗೆ, ಮೆತ್ತಗೆ ಅಥವಾ ಗರಿಗರಿ. ಅವಳದೊಂದು ಉಪಾಯವಿತ್ತು. ಬೇರೆಯವರು ಬಾಯಿ ಬಿಡುವವರೆಗೆ ನಿಧಾನವಾಗಿ ಅಗಿಯುತ್ತಿರುವುದು. ಆದರೆ ಅದರ ಅಗತ್ಯವೇ ಬೀಳಲಿಲ್ಲ. ಓರಗಿತ್ತಿ ಪ್ರತಿ ತುತ್ತಿಗೂ ಪೇಪರ್ ಓದಿ ಹೇಳುವವಳ ಹಾಗೆ ಒದರುತ್ತಿದ್ದಳು.

"ಹುಳಿ ಮುಂದಿದೆ ಅಲ್ವಾ ಅಕ್ಕಾ? ಹಿಂದಿನಿಂದ ಮೆಣಸು ಬರುತ್ತೆ. ಬೆಲ್ಲ ಇದೆ, ಸುಮ್ನೆ ಚೂರೇ ಚೂರು."

"ನಾನೂ ಅದೇ ಅಂದ್ಕೊಂಡೆ," ಎನ್ನುತ್ತಿದ್ದಳು ದೊಡ್ಡಕ್ಕ.

ರಾತ್ರಿ ಲಾಡ್ಜಿನ ಹಾಸಿಗೆಯಲ್ಲಿ ಅದೇ ಅವಳನ್ನು ಕೊರೆಯಿತು. ಮೊದಲು ಇವಳು ಇಷ್ಟು ಮಾತಾಡುತ್ತಿರಲಿಲ್ಲ. ತನಗಿಂತ ಮೊದಲು ರುಚಿ ಹೇಳುವುದೆಂದರೆ ಏನರ್ಥ? ಇತ್ತೀಚೆಗೆ ಕ್ಯಾಂಟೀನಿನಲ್ಲಿಯೂ ಅಷ್ಟೆ. ತಾನು "ಬಡಿಸಿ" ಎಂದು ಬೆನ್ನು ತಿರುಗಿಸಿದ ಕೂಡಲೇ ಇವಳು ಪಾತ್ರೆಯ ಹತ್ತಿರ ಸುಳಿಯುತ್ತಿದ್ದಳು. ಗುಟ್ಟು ಹಿಡಿದಿದ್ದಾಳೆಯೇ? ಸೋಮವಾರ ಮ್ಯಾನೇಜರ ಮುಂದೆ ತನ್ನ ಜಾಗದಲ್ಲಿ ನಿಲ್ಲಲು ಸಿದ್ಧವಾಗುತ್ತಿದ್ದಾಳೆಯೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ತನಗೇ ಹೀಗನಿಸುತ್ತಿದೆ ಎಂದು ಮಗ್ಗುಲಾದಳು. ಪಕ್ಕದ ಮಂಚದಲ್ಲಿ ಓರಗಿತ್ತಿ ಗೊರಕೆ ಹೊಡೆಯುತ್ತಿದ್ದಳು. ಪಿತೂರಿ ಮಾಡುವವರಿಗೆ ಇಂಥ ನಿದ್ದೆ ಬರುತ್ತದೆಯೇ?

ಭಾನುವಾರ ಬೆಳಗ್ಗೆ ಕೊನೆಯ ನಿಲುಗಡೆ ತರಕಾರಿ ಮಾರುಕಟ್ಟೆಯ ಮೂಲೆಯಲ್ಲಿದ್ದ ಬೇಳೆ ಸೂಪಿನ ಅಂಗಡಿ. ಒಬ್ಬ ಮುದುಕ, ಒಂದು ಒಲೆ, ಕನ್ನಡಿಯಂತೆ ಹೊಳೆಯುವ ಒಂದು ಸ್ಟೀಲಿನ ಪಾತ್ರೆ. ಮಾರುಕಟ್ಟೆಯ ಹಮಾಲರೆಲ್ಲ ಬೆಳಗಿನ ಹೊಟ್ಟೆ ತುಂಬಿಸಿಕೊಳ್ಳುವುದು ಇಲ್ಲೇ ಎಂದು ಗೈಡ್ ಹುಡುಗಿ ಹೇಳಿದಳು. ದೊಡ್ಡಕ್ಕ ಬೇಳೆಯ ಹದ ನೋಡಿದಳು. ಅಗ್ಗ, ಪುಷ್ಟಿ, ನಾನೂರು ಜನಕ್ಕೆ ಹೇಳಿ ಮಾಡಿಸಿದ್ದು. ಇದೇ ಸರಿ ಎಂದುಕೊಂಡಳು. ಮುದುಕ ಹೆಗಲ ಬಟ್ಟೆಯಿಂದ ಸ್ಟೂಲು ಒರೆಸಿ ಅವಳನ್ನು ಕೂರಿಸಿದ.

"ಇವರು ದೊಡ್ಡ ಅಡುಗೆಯವರು ತಾತಾ, ಮೊದಲು ಇವರಿಗೆ," ಎಂದಳು ಗೈಡ್.

"ಹಾಗಾದ್ರೆ ಪರೀಕ್ಷೆ ಆಗಲಿ," ಎಂದು ಮುದುಕ ಸೌಟನ್ನೇ ಕೊಟ್ಟ.

ದೊಡ್ಡಕ್ಕ ಸುತ್ತ ನೋಡಿದಳು. ಓರಗಿತ್ತಿ ಆಚೆ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಈ ಸಲ ಓದಿ ಹೇಳುವವರಿಲ್ಲ. ಅಂಗೈಗೆ ಹನಿ ಬಿಟ್ಟುಕೊಂಡು ನೆಕ್ಕಿದಳು. ಬಿಸಿ, ಅಷ್ಟೆ. ಎಲ್ಲರೂ ಕಾಯುತ್ತಿದ್ದರು. ಬೇರೆ ಮಾತು ತೋಚದೆ ಇಪ್ಪತ್ತೆರಡು ವರ್ಷದ ಮಾತೇ ಹೊರಬಿತ್ತು.

"ಬಡಿಸಿ."

ಗುಂಪು ಘೊಳ್ಳೆಂದು ನಕ್ಕಿತು. ದೊಡ್ಡಕ್ಕ ನಾಚಿ ಸೌಟನ್ನು ಪಾತ್ರೆಗೇ ಬಿಟ್ಟು ಮುಖ ಹೊರಳಿಸಿದಳು. ಆಗ ಪಾತ್ರೆಯ ಹೊಳೆಯುವ ಮೈಯಲ್ಲಿ ಕಂಡಿತು. ಆ ಮಾತು ಕೇಳಿದ್ದೇ ಒದ್ದೆ ಕೈಯಲ್ಲೇ ಓಡಿ ಬಂದ ಓರಗಿತ್ತಿ, ಸೌಟಿನ ತುದಿಗೆ ಬೆರಳದ್ದಿ ಬಾಯಿಗಿಟ್ಟುಕೊಂಡಳು. ಸೊಂಟದಿಂದ ಪುಟ್ಟ ಡಬ್ಬಿ ತೆಗೆದಳು. ಮುಚ್ಚಳ ಹಾರಿಸಿ ಒಂದು ಹಿಡಿ ಬಿಳಿಯದನ್ನು ಪಾತ್ರೆಗೆ ಸುರಿದು, ಎರಡು ಸುತ್ತು ತಿರುವಿ, ಡಬ್ಬಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಾತ್ರೆ ಬೇರೆಯವರದು ಎಂಬುದು ಅವಳಿಗೆ ಹೊಳೆದದ್ದು ಮುದುಕ ಕೂಗಿದಾಗಲೇ.

"ಏಯ್! ಏನಮ್ಮಾ ಅದು, ನನ್ನ ಪಾತ್ರೆಗೆ ಏನು ಹಾಕಿದೆ?"

"ಅಯ್ಯಯ್ಯೋ, ಉಪ್ಪು ಅಷ್ಟೇ ತಾತಾ… ಕೈ ತಪ್ಪಿ…"

"ಕೈ ತಪ್ಪಿ ಸೊಂಟದಿಂದ ಡಬ್ಬಿ ಬರುತ್ತಾ?" ಎಂದು ಗುಂಪಿನಲ್ಲೊಬ್ಬರು ಕೇಳಿದ್ದಕ್ಕೆ ಮತ್ತೆ ನಗು.

ಮುದುಕ ಮುಖ ಗಂಟಿಕ್ಕಿಕೊಂಡು ಸೂಪು ಬಾಯಿಗೆ ಹಾಕಿಕೊಂಡ. ಗಂಟು ನಿಧಾನವಾಗಿ ಬಿಚ್ಚಿತು. "ಸರಿಯಾಗಿದೆಯಲ್ಲ! ಹಾಗಾದ್ರೆ ನಾನು ಉಪ್ಪೇ ಹಾಕಿರಲಿಲ್ವಾ?" ಎಂದು ಹಣೆ ಚಚ್ಚಿಕೊಂಡ. "ಉಪ್ಪು ಹಾಕೋದು ನನ್ನ ಹೆಂಡ್ತಿ. ಇವತ್ತು ಕಣ್ಣು ತೋರಿಸೋಕೆ ಹೋಗಿದಾಳೆ." ಆಮೇಲೆ ದೊಡ್ಡಕ್ಕನ ಕಡೆ ಕೈ ಮುಗಿದ. "ಉಪ್ಪಿಲ್ಲ ಅಂತ ಗೊತ್ತಾದ್ರೂ ನಾಲ್ಕು ಜನರ ಮುಂದೆ ನನ್ನ ಮಾನ ಉಳಿಸಿದ್ರಿ ತಾಯಿ. ದೊಡ್ಡ ಮನಸ್ಸು ನಿಮ್ಮದು."

ದೊಡ್ಡಕ್ಕನಿಗೆ ಆ ನಮಸ್ಕಾರ ಕೆಂಡದಂತೆ ಸುಟ್ಟಿತು.

ಗುಂಪಿನವರಿಗೆ ವಿದಾಯ ಹೇಳಿ ಇಬ್ಬರೂ ಹತ್ತಿರದ ಪಾರ್ಕಿನ ಬೆಂಚಿನ ಮೇಲೆ ಕೂತರು. ಓರಗಿತ್ತಿ ಸೆರಗಿನ ತುದಿ ಸುತ್ತುತ್ತ ನೆಲ ನೋಡುತ್ತಿದ್ದಳು.

"ಎಷ್ಟು ದಿನದಿಂದ?" ಎಂದಳು ದೊಡ್ಡಕ್ಕ.

"ನಿಮಗೆ ಜ್ವರ ಬಿಟ್ಟು ಕೆಲಸಕ್ಕೆ ಬಂದ್ರಲ್ಲ, ಅದರ ನಾಲ್ಕನೇ ದಿನ. ಸಾರಿಗೆ ಎರಡೆರಡು ಸಲ ಉಪ್ಪು ಬಿದ್ದಿತ್ತು. ನೀವು ನೆಕ್ಕಿ ಬಡಿಸಿ ಅಂದ್ರಿ. ನಾನು ನೀರು, ಬೇಳೆ ಸೇರಿಸಿ ಸರಿ ಮಾಡಿದೆ."

"ನಂಗೆ ಯಾಕೆ ಹೇಳಲಿಲ್ಲ?"

"ನೀವ್ಯಾಕೆ ಹೇಳಲಿಲ್ಲ?" ಓರಗಿತ್ತಿ ತಲೆ ಎತ್ತಿದಳು. "ನಾನು ಬಂದ ಹೊಸದರಲ್ಲಿ ಅನ್ನ ಸೀಯಿಸಿದಾಗ ಅತ್ತೆ ಮುಂದೆ, 'ಒಲೆ ಹತ್ರ ಇದ್ದಿದ್ದು ನಾನೇ' ಅಂತ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಂಡ್ರಲ್ಲ ನೀವು. ಅದನ್ನ ನಾನು ಯಾರಿಗಾದ್ರೂ ಹೇಳಿದ್ನಾ?"

ದೊಡ್ಡಕ್ಕ ತನ್ನ ಎಡ ಅಂಗೈ ಬಿಡಿಸಿ ನೋಡಿಕೊಂಡಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ತಾನು ಕುಡಿದದ್ದಾಯಿತು. ಇವಳ ಮೇಲೆ ಎಂಥ ಅನುಮಾನ ಪಟ್ಟೆ! ಒಂದು ಗಳಿಗೆ ಎದೆ ಹಗುರಾಯಿತು. ಮರುಗಳಿಗೆಯೇ ಬೇರೊಂದು ನೆನಪು ಬಂತು.

"ನೀನು ಹೋದ ತಿಂಗಳು ಎರಡು ದಿನ ರಜ ಹಾಕಿದ್ದೆ."

"ಹೂಂ. ತಮ್ಮನ ಮನೆ ಗೃಹಪ್ರವೇಶ."

"ಆ ಎರಡು ದಿನ ಪಾತ್ರೆಗಳು ಅರ್ಧರ್ಧ ವಾಪಸು ಬಂದಿದ್ವು. ಕೇಳಿದ್ರೆ ಎಲ್ಲರೂ 'ಇವತ್ತು ಯಾಕೋ ಹಸಿವಿಲ್ಲ ದೊಡ್ಡಕ್ಕ' ಅಂದ್ರು. ನಾನು ನಂಬಿದೆ. ನಾನೂರು ಜನಕ್ಕೆ ಒಟ್ಟಿಗೇ ಹಸಿವಿಲ್ದೇ ಹೋಗುತ್ತೇನೇ?"

ಓರಗಿತ್ತಿ ನಗಲು ಹೋದಳು, ಆಗಲಿಲ್ಲ.

"ಉಪ್ಪು ಕಮ್ಮಿ ಆದ್ರೆ ಹೋಗಲಿ ಬಿಡು. ಯಾವತ್ತೋ ಒಂದು ದಿನ ಬೇಳೆ ಹಳಸಿದ್ರೆ? ನಂಗೆ ವಾಸನೆ ಗೊತ್ತಾಗಲ್ಲ. ನೀನು ಅವತ್ತು ಇಲ್ಲ. ನನ್ನ ಮಾತು ಕೇಳಿ ಅವರು ತಟ್ಟೆ ಎತ್ತಿಕೊಳ್ತಾರೆ ಕಣೇ. ಬರೀ ಮಾತು ಕೇಳಿ."

"ಹೇಳಿದ್ರೆ ಕಳಿಸಿಬಿಡ್ತಾರೆ ಅಕ್ಕಾ."

"ಕಳಿಸಬಹುದು."

ರೈಲಿನಲ್ಲಿ ವಾಪಸು ಬರುವಾಗ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಎದುರು ಕೂತಿದ್ದ ಹೆಂಗಸು ಏನು ಕಂಡಳೋ, ಕಿತ್ತಳೆ ಸುಲಿದು ಇಬ್ಬರ ಕೈಗೂ ಎರಡೆರಡು ತೊಳೆ ಇಟ್ಟಳು. ದೊಡ್ಡಕ್ಕನಿಗೆ ತಣ್ಣಗಿನ ನೀರು ಮಾತ್ರ ತಿಳಿಯಿತು.

"ಸಿಹಿ," ಎಂದಳು ಓರಗಿತ್ತಿ ಮೆಲ್ಲಗೆ. "ಕೊನೆಗೆ ಸ್ವಲ್ಪ ಹುಳಿ."

ಸೋಮವಾರ ಬೆಳಗ್ಗೆ ದೊಡ್ಡಕ್ಕ ಮ್ಯಾನೇಜರ ಕೋಣೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದಳು. ಅವರು ಪೆನ್ನಿನ ಮುಚ್ಚಳವನ್ನು ಹಾಕುತ್ತ ತೆಗೆಯುತ್ತ ಕೂತರು. ಬೈಯಲಿಲ್ಲ. "ಮಧ್ಯಾಹ್ನ ಬರ್ತೀನಿ ಅಂದಿದೀನಿ, ಬರ್ತೀನಿ. ಉಳಿದಿದ್ದು ಆಮೇಲೆ," ಎಂದರು ಅಷ್ಟೆ. ಆ 'ಆಮೇಲೆ'ಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಅವಳು ಮುದುಕನ ಸೂಪು ಮಾಡಲು ಬೇಳೆ ತೊಳೆದಳು.

ಹನ್ನೆರಡೂವರೆಗೆ ಬಾಗಿಲ ಹೊರಗೆ ಸಾಲು ನಿಂತಿತು. ಸಾಲಿನ ಮುಂದೆಯೇ ಮ್ಯಾನೇಜರು, ಕೈಯಲ್ಲಿ ತಟ್ಟೆ ಇಲ್ಲ. ದೊಡ್ಡಕ್ಕ ಕೊಪ್ಪರಿಗೆಯಿಂದ ಸೌಟು ಎತ್ತಿದಳು. ಎಲ್ಲರ ಕಣ್ಣೂ ಅವಳ ಎಡಗೈ ಮೇಲೆ. ಅವಳು ಆ ಕೈಯಿಂದ ಓರಗಿತ್ತಿಯ ಕೈ ಹಿಡಿದೆಳೆದು, ಮುಷ್ಟಿ ಬಿಡಿಸಿ, ಅಂಗೈ ಮೇಲೆ ಒಂದು ಹನಿ ಬಿಟ್ಟಳು. ಸಾಲಿನಲ್ಲಿ ಗುಸುಗುಸು ಎದ್ದು ಅಡಗಿತು.

ಓರಗಿತ್ತಿ ಅದನ್ನು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು.

ಎಷ್ಟು ಹೊತ್ತು ಇವಳದು! ದೊಡ್ಡಕ್ಕ ಸೌಟು ಹಿಡಿದು ಕಾದಳು. ಇಪ್ಪತ್ತೆರಡು ವರ್ಷ ತನ್ನೆದುರು ನಿಂತವರು ಹೀಗೇ ಉಸಿರು ಬಿಗಿಹಿಡಿದು ಕಾದಿದ್ದರೇ?

"ಉಪ್ಪು ಸಾಲದು ಅಕ್ಕಾ," ಎಂದಳು ಓರಗಿತ್ತಿ, ಸಾಲಿನ ಕೊನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ.

"ಎಷ್ಟು?"

"ಒಂದು ಹಿಡಿ. ನಿಮ್ಮ ಹಿಡಿ."

ದೊಡ್ಡಕ್ಕ ಉಪ್ಪಿನ ಜಾಡಿಗೆ ಕೈ ಹಾಕಿದಳು. ಹಾಕಿ, ತಿರುವಿ, ಮತ್ತೊಂದು ಹನಿ ಆ ಅಂಗೈಗೆ ಬಿಟ್ಟಳು. ಓರಗಿತ್ತಿ ನೆಕ್ಕಿದಳು. ಅವಳ ಬಾಯಿಂದ 'ಬಡಿಸಿ' ಎಂಬ ಆ ಮಾತು ಬಂದಾಗ, ಮ್ಯಾನೇಜರು ಬಗ್ಗಿ ರಾಶಿಯಿಂದ ಒಂದು ತಟ್ಟೆ ಎತ್ತಿಕೊಂಡರು.