ಮಾಲೆ ಹಾಕಿದ ಮೇಲೆ ಮಾತ್ರೆ

ಪಳನಿ ಬೆಟ್ಟದ ಮುರುಗನ ಗುಡಿಗೆ ನಡೆದು ಹೋಗಲು ವ್ರತದ ಮಾಲೆ ಹಾಕಿದ ದಿನವೇ ಗೋವಿಂದಮ್ಮಾಳ್ ತನ್ನ ದಿಗಿಲಿನ ಮಾತ್ರೆ ನಿಲ್ಲಿಸಿಬಿಟ್ಟಳು. ವ್ರತದಲ್ಲಿ ಮನಸ್ಸನ್ನು ಮುರುಗನೇ ನೋಡಿಕೊಳ್ಳುತ್ತಾನೆ ಎಂದು ಗಂಡ ಅಯ್ಯಾವು ಹೇಳಿದ್ದ. ಅವನೂ ಮಾಲೆ ಹಾಕಿದ್ದ.

ಕೆಲವೇ ದಿನಗಳಲ್ಲಿ ನಿದ್ದೆ ಹಾರಿಹೋಯಿತು. ದ್ರಾಕ್ಷಿ ಚಪ್ಪರದ ಕೆಳಗೆ ಗೊಂಚಲು ಕತ್ತರಿಸುವಾಗ ಕೈ ನಡುಗಿ ಕತ್ತರಿ ಜಾರಿತು. ಜೊತೆಗಿದ್ದ ನಾದಿನಿ ಮುತ್ತುಸೆಲ್ವಿ ಹೆದರಿ, ಊರಿನ ನರ್ಸ್ ಜೆಯಂತಿಯನ್ನು ಮನೆಗೆ ಕರೆತಂದಳು.

ಮಾಲೆ ಹಾಕಿದವರನ್ನು ಅಲ್ಲಿ ಎಲ್ಲರೂ ಸಾಮಿ ಎಂದೇ ಕರೆಯುವುದು.

“ಏನ್ ಸಾಮಿ, ಯಾರನ್ನ ಕೇಳಿ ಮಾತ್ರೆ ನಿಲ್ಸಿದ್ರಿ?” ಎಂದಳು ಜೆಯಂತಿ.

ಗೋವಿಂದಮ್ಮಾಳ್ ಗಂಡನ ಮುಖ ನೋಡಿದಳು.

“ಇದು ಮುರುಗನ ಪರೀಕ್ಷೆ ತಾಯೀ,” ಎಂದ ಅಯ್ಯಾವು. “ತಾನಾಗೇ ಸರಿಯಾಗ್ತದೆ. ಉಳಿದ ಮಾತ್ರೆ ನಮ್ಮಮ್ಮಂಗೆ ಕೊಡಾನ ಅಂತಿದೀನಿ. ಪಾಪ, ಅದಕ್ಕೂ ನಿದ್ದೆ ಇಲ್ಲ.”

“ಕಡಲೆ ಮಿಠಾಯಿ ಹಂಚ್ದಂಗೆ ಹಂಚ್ತೀರಾ? ವಯಸ್ಸಾದೋರಿಗೆ ಮಂಪರು ಹತ್ತಿ ಬಿದ್ರೆ ಸೊಂಟ ಮುರೀತದೆ. ಅದಿರ್ಲಿ, ನಿಮ್ಮ ಬೀಪಿ ಮಾತ್ರೆ ನಿಲ್ಸಿದೀರಾ ಸಾಮಿ?”

“ಅದು ಮೈಗೆ ತಾನೆ.”

“ಮನಸ್ಸೇನು ಪಕ್ಕದ ಮನೇಲಿ ಇರ್ತದಾ?”

ಮುತ್ತುಸೆಲ್ವಿ ಸೆರಗು ಬಾಯಿಗಿಟ್ಟು ನಕ್ಕಳು. ಜೆಯಂತಿ ಗೋವಿಂದಮ್ಮಾಳ್‌ಳ ಕೈ ಹಿಡಿದುಕೊಂಡಳು.

“ಈ ಮಾತ್ರೆಗೆ ಮೈ ಒಗ್ಗಿಬಿಡ್ತದೆ ಅಕ್ಕ. ಸಟ್ಟನೆ ಬಿಟ್ರೆ ನಡುಕ, ದಿಗಿಲು, ಕೆಲವರಿಗೆ ಫಿಟ್ಸೇ ಬರ್ತದೆ. ನಡೆಯೋ ದಾರೀಲಿ ಬಂದ್ರೆ ಏನ್ ಗತಿ? ಬಿಡಲೇಬಾರ್ದು ಅಂತಲ್ಲ. ಡಾಕ್ಟರ್ ಹೇಳ್ದಂಗೆ ಮೆಲ್ಲ ಮೆಲ್ಲ ಇಳಿಸ್ಬೇಕು. ಏಳಿ, ಈಗ್ಲೇ ಹೋಗಾನ.”

ಅಯ್ಯಾವು ಆಟೋ ಕರೆಯಲು ಹೋದ.

ಕಂಬಂ ಪಟ್ಟಣದ ಡಾಕ್ಟರ್ ಮಾತ್ರೆ ಮತ್ತೆ ಶುರು ಮಾಡಿಸಿ, ಅದನ್ನು ವಾರಗಟ್ಟಲೆ ಹೇಗೆ ಇಳಿಸುತ್ತ ಬರಬೇಕೆಂದು ತಿಳಿಸಿದರು. ಈ ಸಲ ಅಷ್ಟು ದೂರ ನಡೆಯುವುದು ಬೇಡ ಎಂದರು.

ಹೊರಗೆ ಬಂದಾಗ ಗೋವಿಂದಮ್ಮಾಳ್ ಕಣ್ಣು ಒರೆಸಿಕೊಂಡಳು. “ನೀವು ನಡೆದು ಹೋಗ್ಬನ್ನಿ. ನಾನು ಮನೇಲೇ ಕೈ ಮುಗೀತೀನಿ.”

“ಇಬ್ರೂ ಬಸ್ಸಲ್ಲೇ ಹೋಗಾನ. ಕಿಟಕಿ ಸೀಟು ನಿಂಗೆ,” ಎಂದ ಅಯ್ಯಾವು. “ಬಸ್ಸಲ್ಲಿ ಬಂದೋರ್ನ ಮುರುಗ ಬೆಟ್ಟದ ಕೆಳಗೇ ನಿಲ್ಸ್ತಾನಾ?”

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಮಾತ್ರೆ ನುಂಗುತ್ತಿರಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ನೀವಾಗಿಯೇ ಹೆಚ್ಚಿಸಬೇಡಿ, ನಿಲ್ಲಿಸಬೇಡಿ, ಇನ್ನೊಬ್ಬರಿಗೆ ಕೊಡಬೇಡಿ. ಅದರ ಜೊತೆ ಮದ್ಯ ಕುಡಿದರೆ ಉಸಿರಿಗೇ ಅಪಾಯ. ಮಂಪರಿದ್ದಾಗ ಗಾಡಿ ಮುಟ್ಟಬೇಡಿ. ವ್ರತವಿರಲಿ, ಹಬ್ಬವಿರಲಿ, ಮೊದಲು ಡಾಕ್ಟರನ್ನು ಕೇಳಿ. ದೇವರು ಅಷ್ಟು ಹೊತ್ತು ಕಾಯುತ್ತಾನೆ.